ಬದು ನೋಡಲು ಹೋಗುವ ಊರು: ಲ್ಯಾಕ್ಸ್‌ಟನ್ ತನ್ನ ಬಯಲು ಹೊಲಗಳನ್ನು ಉಳಿಸಿಕೊಂಡ ಬಗೆ

ಹೊಲ ಇರುವವರಿಗೆ ಬದುವಿನ ಜಗಳ ಹೊಸದಲ್ಲ. ಪಕ್ಕದ ಹೊಲದವನು ಉಳುವಾಗ ಒಂದು ಸಾಲು ಈ ಕಡೆ ಬರುತ್ತಾನೆ. ಮುಂದಿನ ವರ್ಷ ಇನ್ನೊಂದು ಸಾಲು. ಐದಾರು ವರ್ಷ ಹೋದರೆ ಬದು ಎಲ್ಲಿತ್ತು ಅನ್ನೋದೇ ಮರೆತಿರುತ್ತದೆ. ಆಮೇಲೆ ಮಾತು ಬೆಳೆಯುತ್ತದೆ, ಸರ್ವೆಯವರು ಬರುತ್ತಾರೆ, ಕೊನೆಗೆ ಕೋರ್ಟು.

ಇಂಗ್ಲೆಂಡಿನ ಒಂದು ಸಣ್ಣ ಊರಿನವರು ಇದಕ್ಕೆ ಬೇರೆ ದಾರಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಂದು ದಿನ ಊರಿನ ಪರವಾಗಿ ಹನ್ನೆರಡು ಜನ ಸೇರಿ ಹೊಲಕ್ಕೆ ಹೋಗಿ ಬದು ನೋಡಿ ಬರುತ್ತಾರೆ. ನೂರಾರು ವರ್ಷದಿಂದ ಹೀಗೇ ನಡೆದಿದೆ. ಇಂಥ ಪದ್ಧತಿ ಒಂದು ಕಾಲಕ್ಕೆ ಆ ದೇಶದ ಸಾವಿರಾರು ಊರುಗಳಲ್ಲಿತ್ತು. ಈಗ ಪೂರ್ತಿಯಾಗಿ, ಊರಿನ ನ್ಯಾಯಪೀಠದ ಸಮೇತ ಉಳಿದಿರುವುದು ಇಲ್ಲಿ ಮಾತ್ರ. ಯಾಕೆ ಇಲ್ಲೇ ಉಳಿಯಿತು, ಎಲ್ಲಿ ಕೈತಪ್ಪಿ ಹೋಗುವುದರಲ್ಲಿತ್ತು, ಯಾರ ಯಾವ ತೀರ್ಮಾನ ಅದನ್ನು ಕಾಯಿತು ಎನ್ನುವುದು ಈ ಪ್ರಕರಣ.

ಊರಿನ ಹೆಸರು ಮುಚ್ಚಿಡುವಂಥದ್ದಲ್ಲ, ಅದು ಚರಿತ್ರೆಯ ಪುಸ್ತಕಗಳಲ್ಲೇ ಇದೆ. ಆದರೆ ಈಗ ಅಲ್ಲಿ ಬದುಕುತ್ತಿರುವವರ ಹೆಸರು, ಮನೆ, ಯಾರದು ಯಾವ ಹೊಲ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಊರು ಮತ್ತು ಹೊಲ

ಲ್ಯಾಕ್ಸ್‌ಟನ್ ಇರುವುದು ನಾಟಿಂಗ್‌ಹ್ಯಾಮ್‌ಷೈರ್‌ನಲ್ಲಿ, ಶೆರ್‌ವುಡ್ ಕಾಡಿನಿಂದ ಸ್ವಲ್ಪ ಪೂರ್ವಕ್ಕೆ. ಜನ ಇನ್ನೂರೈವತ್ತರ ಆಸುಪಾಸು. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು ಲೆಕ್ಕದ ಪುಸ್ತಕ ಡೂಮ್ಸ್‌ಡೇಯಲ್ಲಿ ಊರಿನ ಹೆಸರಿದೆ. ಊರಿನ ಉತ್ತರಕ್ಕೆ ನಾರ್ಮನ್ನರ ಕೋಟೆಯ ಮಣ್ಣಿನ ದಿಬ್ಬ ಇವತ್ತಿಗೂ ಕಾಣುತ್ತದೆ. ಒಂದು ಚರ್ಚು, ಒಂದು ಪಬ್ಬು, ರಸ್ತೆಗೆ ಹೊಂದಿಕೊಂಡ ಇಟ್ಟಿಗೆಯ ಮನೆಗಳು.

ಈ ಮನೆಗಳಲ್ಲೇ ಒಂದು ವಿಶೇಷ ಇದೆ. ಇಂಗ್ಲೆಂಡಿನ ಹೆಚ್ಚಿನ ಕಡೆ ರೈತನ ಮನೆ ಅವನ ಹೊಲದ ಮಧ್ಯೆ ಒಂಟಿಯಾಗಿ ನಿಂತಿರುತ್ತದೆ. ಲ್ಯಾಕ್ಸ್‌ಟನ್‌ನಲ್ಲಿ ರೈತರ ಮನೆಗಳು ಊರೊಳಗೆ ಸಾಲಾಗಿವೆ, ನಮ್ಮ ಹಳ್ಳಿಗಳ ಹಾಗೆ. ಕಾರಣ ಸರಳ. ಒಬ್ಬನ ಜಮೀನು ಒಂದೇ ಕಡೆ ಇಲ್ಲ. ಚೂರುಚೂರಾಗಿ ಎಲ್ಲ ಕಡೆ ಹರಡಿದೆ. ಹಾಗಿದ್ದಾಗ ಊರ ಮಧ್ಯೆ ಇರುವುದೇ ಅನುಕೂಲ, ಅಲ್ವಾ?

ಊರಿನ ಸುತ್ತ ಮೂರು ದೊಡ್ಡ ಹೊಲಗಳಿವೆ: ಪಶ್ಚಿಮ ಹೊಲ, ದಕ್ಷಿಣ ಹೊಲ, ಗಿರಣಿ ಹೊಲ. ಒಳಗೆ ಬೇಲಿ ಇಲ್ಲ, ಗೋಡೆ ಇಲ್ಲ, ಅದಕ್ಕೇ ಇವು ಬಯಲು ಹೊಲಗಳು. ಪ್ರತಿ ಹೊಲವನ್ನೂ ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದಾರೆ. ಒಬ್ಬ ಗೇಣಿದಾರನಿಗೆ ಮೂರೂ ಹೊಲಗಳಲ್ಲಿ ಪಟ್ಟಿಗಳಿರುತ್ತವೆ. ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ನೀರು ನಿಲ್ಲುವ ಜಾಗ, ಎತ್ತರದ ಜಾಗ ಎಲ್ಲವೂ ಎಲ್ಲರಿಗೂ ಸ್ವಲ್ಪಸ್ವಲ್ಪ ಬರಲಿ ಎನ್ನುವ ಲೆಕ್ಕ.

ನಮ್ಮ ಪಹಣಿಯಲ್ಲಿ ಬರೆಯುವ ‘ಎಕರೆ’ ಇಂಥ ಹೊಲಗಳಿಂದಲೇ ಬಂದದ್ದು. ಎತ್ತುಗಳು ಒಂದೇ ಉಸಿರಿಗೆ ಎಳೆಯಬಲ್ಲ ಸಾಲಿನ ಉದ್ದ 220 ಗಜ, ಅಗಲ 22 ಗಜ. ಒಂದು ನೇಗಿಲು ಒಂದು ದಿನಕ್ಕೆ ಉಳುವಷ್ಟು ನೆಲ ಎಂದು ಇದನ್ನು ಎಣಿಸುತ್ತಿದ್ದರು. ಆ ಅಳತೆ ಬ್ರಿಟಿಷರ ಸರ್ವೆ ಸರಪಳಿಯ ಜೊತೆ ನಮ್ಮಲ್ಲಿಗೆ ಬಂತು. ನಾವು ಅದನ್ನು ನಲವತ್ತು ಗುಂಟೆ ಮಾಡಿಕೊಂಡೆವು.

ಬೆಳೆಯ ಸರದಿಯೂ ಊರಿನದ್ದೇ. ಈ ವರ್ಷ ಒಂದು ಹೊಲದಲ್ಲಿ ಚಳಿಗಾಲದ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಬಟಾಣಿ, ಬೀನ್ಸ್. ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಿಂದೆ ಕೊಯ್ಲಾದ ಮೇಲೆ ಊರಿನ ದನ, ಕುರಿಗಳನ್ನೆಲ್ಲ ಆ ಹೊಲಕ್ಕೆ ಬಿಡುತ್ತಿದ್ದರು. ಒಬ್ಬ ಮಾತ್ರ ತಡವಾಗಿ ಬಿತ್ತಿದರೆ ಅವನ ಪೈರು ದನಗಳ ಪಾಲು. ಆದ್ದರಿಂದ ಎಲ್ಲರೂ ಒಟ್ಟಿಗೆ ಬಿತ್ತಬೇಕು, ಒಟ್ಟಿಗೆ ಕೊಯ್ಯಬೇಕು. ಯಾವಾಗ ಎಂದು ಒಟ್ಟಿಗೆ ಕೂತು ಮಾತಾಡಬೇಕು. ಊರ ನ್ಯಾಯಪೀಠ ಬೇಕಾದದ್ದು ಇದಕ್ಕೆ.

ದೇಶವೆಲ್ಲ ಬೇಲಿ ಹಾಕಿಕೊಂಡಾಗ

ಸುಮಾರು 1750ರಿಂದ 1850ರವರೆಗೆ ಇಂಗ್ಲೆಂಡಿನ ಹಳ್ಳಿಗಳ ಮುಖವೇ ಬದಲಾಯಿತು. ಪಾರ್ಲಿಮೆಂಟಿನಲ್ಲಿ ಊರಿಗೊಂದು ಕಾನೂನು ಮಾಡಿಸಿ, ಚೂರು ಪಟ್ಟಿಗಳನ್ನು ಒಟ್ಟುಗೂಡಿಸಿ, ಸುತ್ತ ಬೇಲಿ ಹಾಕಿ, ಒಬ್ಬೊಬ್ಬರ ಹೆಸರಿಗೆ ಬರೆದರು. 1604ರಿಂದ 1914ರವರೆಗೆ ಲೆಕ್ಕ ಹಾಕಿದರೆ ಇಂಥ ಕಾನೂನುಗಳು ಒಟ್ಟು 5,000ಕ್ಕೂ ಜಾಸ್ತಿ. ಹೀಗೆ ಬೇಲಿಯೊಳಗೆ ಹೋದ ನೆಲ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದರಲ್ಲಿ ಒಂದು ಭಾಗ.

ದೊಡ್ಡ ರೈತರಿಗೆ ಇದರಿಂದ ಲಾಭವಾಯಿತು. ಬೇಕಾದ ಬೆಳೆ ಬೆಳೆಯಬಹುದು, ಒಳ್ಳೆಯ ತಳಿಯ ಕುರಿ ಸಾಕಬಹುದು. ಯಾರನ್ನೂ ಕೇಳಬೇಕಿಲ್ಲ. ಆದರೆ ಒಂದೆರಡು ದನ ಇಟ್ಟುಕೊಂಡು, ಊರಿನ ಹುಲ್ಲನ್ನೇ ನಂಬಿ ಬದುಕುತ್ತಿದ್ದ ಬಡವರಿಗೆ ಆ ಹುಲ್ಲು ಹೋಯಿತು. ಎಷ್ಟೋ ಜನ ಕೂಲಿಗಳಾದರು, ಪಟ್ಟಣ ಸೇರಿದರು.

ಲ್ಯಾಕ್ಸ್‌ಟನ್‌ನಲ್ಲೂ ಬೇಲಿ ಬಂದೇ ಬಂತು. 18ನೇ ಶತಮಾನದ ಮೊದಲ ಭಾಗದಲ್ಲಿ ಒಂದಷ್ಟು ನೆಲ ಬೇಲಿಯೊಳಗೆ ಹೋಯಿತು. ಮೊದಲು ಇಲ್ಲಿ ನಾಲ್ಕು ಬಯಲು ಹೊಲಗಳಿದ್ದವು, ಪೂರ್ವದ್ದು ಈಗ ಇಲ್ಲ. ಆದರೆ ಕೆಲಸ ಅರ್ಧಕ್ಕೇ ನಿಂತಿತು.

ಯಾಕೆ ನಿಂತಿತು ಎಂಬುದನ್ನು ಕೇಳಿದರೆ ಸ್ವಲ್ಪ ನಿರಾಸೆ ಆಗಬಹುದು. ಊರಿನವರು ಒಗ್ಗಟ್ಟಾಗಿ ಎದುರು ನಿಂತರು ಎಂಬ ಕಥೆ ಇಲ್ಲಿಲ್ಲ. ಊರಿನಲ್ಲಿ ಇಬ್ಬರು ದೊಡ್ಡ ಜಮೀನ್ದಾರರಿದ್ದರು. ಒಂದು, ಮುಂದೆ ಅರ್ಲ್ ಮ್ಯಾನ್ವರ್ಸ್ ಎಂಬ ಪದವಿ ಪಡೆದ ಮನೆತನ. ಇನ್ನೊಂದು, ಅರ್ಲ್ ಆಫ್ ಸ್ಕಾರ್‌ಬರೋ ಮನೆತನ. ಇಬ್ಬರ ಪಟ್ಟಿಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಂಚಿಕೊಳ್ಳಬೇಕೆಂದರೆ ಇಬ್ಬರೂ ಒಪ್ಪಬೇಕು, ಅವರು ಒಪ್ಪಲಿಲ್ಲ. ಮೇಲಾಗಿ ಇಲ್ಲಿಯದು ಭಾರವಾದ ಜೇಡಿಮಣ್ಣು. ಸರ್ವೆ, ಬೇಲಿ, ಕಾನೂನು, ವಕೀಲರ ಖರ್ಚೆಲ್ಲ ಹಾಕಿದರೂ ವಾಪಸು ಬರುವ ಆದಾಯ ಅಷ್ಟಕ್ಕಷ್ಟೇ.

ಆದ್ದರಿಂದ ಮೊದಲ ಘಟ್ಟದಲ್ಲಿ ಊರನ್ನು ಉಳಿಸಿದ್ದು ಎರಡು ಮನೆತನಗಳ ಭಿನ್ನಾಭಿಪ್ರಾಯ ಮತ್ತು ಒಳ್ಳೆಯದಲ್ಲದ ಮಣ್ಣು. ಇದನ್ನು ನೇರವಾಗಿ ಹೇಳಿಬಿಡಬೇಕು. ಉಳಿದುಕೊಂಡ ಯಾವ ಹಳೆಯ ಪದ್ಧತಿಯನ್ನು ಕಂಡರೂ ‘ಅಲ್ಲಿಯ ಜನರ ಪ್ರೀತಿ’ ಎಂದು ಬರೆಯುವ ಅಭ್ಯಾಸ ನಮಗಿದೆ. ಪ್ರೀತಿ ಆಮೇಲೆ ಬಂತು.

ನವೆಂಬರಿನ ಒಂದು ಗುರುವಾರ

ಅದೃಷ್ಟದಿಂದ ಉಳಿದದ್ದು ಆಮೇಲೆ ಹೇಗೆ ನಡೆದುಕೊಂಡು ಬಂತು? ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಇಲ್ಲಿ.

ಊರಿನ ನ್ಯಾಯಪೀಠಕ್ಕೆ ಕೋರ್ಟ್ ಲೀಟ್ ಎನ್ನುತ್ತಾರೆ. ಅದು ಪ್ರತಿ ವರ್ಷ ಹನ್ನೆರಡು ಜನರ ಜ್ಯೂರಿಯನ್ನು ನೇಮಿಸುತ್ತದೆ. ನವೆಂಬರ್ ಕೊನೆಯ ಗುರುವಾರ ಈ ಹನ್ನೆರಡು ಜನ ಪಬ್ಬಿನ ಹತ್ತಿರ ಸೇರುತ್ತಾರೆ. ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೊಲಕ್ಕೆ ಹೊರಡುತ್ತಾರೆ. ಮೂರೂ ಹೊಲಗಳಿಗಲ್ಲ, ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ ಮಾತ್ರ. ಜೊತೆಗೆ ಮರದ ಗೂಟಗಳು, ಬಡಿಯಲು ಸುತ್ತಿಗೆ.

ಅಲ್ಲಿ ಗುಂಪುಗಳಾಗಿ ನಡೆದು ಒಂದೊಂದೇ ಪಟ್ಟಿಯ ಅಂಚು ನೋಡುತ್ತಾರೆ. ಹೊಲದ ನಡುವೆ ಉಳದೆ ಬಿಟ್ಟ ಹುಲ್ಲುಗಾವಲಿನ ಪಟ್ಟೆಗಳಿವೆ, ಅವುಗಳಿಗೆ ಸೈಕ್ ಎನ್ನುತ್ತಾರೆ. ತೇವ ಜಾಸ್ತಿ ಇದ್ದು ಅಥವಾ ಇಳಿಜಾರಾಗಿದ್ದು ಉಳುಮೆಗೆ ಒದಗದ ಜಾಗಗಳವು. ಅವು ಯಾರೊಬ್ಬರ ಪಟ್ಟಿಗೂ ಸೇರಿದ್ದಲ್ಲ, ಅಲ್ಲಿಯ ಹುಲ್ಲನ್ನು ಪ್ರತಿ ಬೇಸಿಗೆ ಹರಾಜು ಹಾಕುತ್ತಾರೆ. ಉಳುವವನು ಆಸೆಯಿಂದಲೋ, ಗಮನವಿಲ್ಲದೆಯೋ ಒಂದೆರಡು ಅಡಿ ಸೈಕ್‌ಗೆ ನುಗ್ಗಿರಬಹುದು. ಬಂಡಿದಾರಿಯನ್ನು ಕೊರೆದಿರಬಹುದು. ನೀರು ಬಸಿಯುವ ಕಾಲುವೆ ಹೂಳು ತೆಗೆಯದೆ ಬಿಟ್ಟಿರಬಹುದು. ಜ್ಯೂರಿ ಇದನ್ನೆಲ್ಲ ನೋಡಿ, ಗಡಿ ಎಲ್ಲಿರಬೇಕೋ ಅಲ್ಲಿ ಗೂಟ ಹೊಡೆಯುತ್ತದೆ.

ಆಮೇಲೆ ಪಬ್ಬಿಗೆ ವಾಪಸು, ಊಟ. ಯಾರು ಏನು ತಪ್ಪು ಮಾಡಿದ್ದಾರೆ, ಎಷ್ಟು ದಂಡ ಎಂದು ಅಲ್ಲಿ ಮಾತಾಡಿಕೊಳ್ಳುತ್ತಾರೆ. ಒಂದು ವಾರ ಬಿಟ್ಟು, ಮುಂದಿನ ಗುರುವಾರ, ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಕೂರುತ್ತದೆ. ಜಮೀನ್ದಾರರ ಪರವಾಗಿ ಒಬ್ಬ ಸ್ಟುವರ್ಡ್ ಅಧ್ಯಕ್ಷತೆ ವಹಿಸುತ್ತಾರೆ. ಜ್ಯೂರಿಯ ವರದಿ ಎಲ್ಲರ ಮುಂದೆ ಬರುತ್ತದೆ. ಮುಂದಿನ ವರ್ಷದ ಜ್ಯೂರಿ ಪ್ರಮಾಣ ಮಾಡುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೈತ ಟ್ರ್ಯಾಕ್ಟರ್ ತಿರುಗಿಸುವಾಗ ನೇಗಿಲನ್ನು ಬೇಗ ಎತ್ತಲಿಲ್ಲ. ಸೈಕ್‌ನ ಅಂಚು ಎರಡಡಿ ಕಿತ್ತು ಬಂದಿದೆ. ಜ್ಯೂರಿ ನೋಡಿತು, ಗೂಟ ಹೊಡೆಯಿತು, ಸಣ್ಣ ದಂಡ ಹಾಕಿತು. ಹಣದ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ವಿಷಯ ಬಯಲಿಗೆ ಬಂದದ್ದು ತಪ್ಪು ಎರಡಡಿ ಇದ್ದಾಗ, ಇಪ್ಪತ್ತು ಅಡಿ ಆದ ಮೇಲಲ್ಲ. ಹೇಳಿದವನು ಪಕ್ಕದ ಹೊಲದವನೊಬ್ಬನೇ ಅಲ್ಲ, ಹನ್ನೆರಡು ಜನ. ಆ ಹನ್ನೆರಡು ಜನರೂ ಉಳುವವರೇ. ಮುಂದಿನ ವರ್ಷ ಸರದಿ ಬೇರೆ ಹೊಲಕ್ಕೆ ಹೋದಾಗ ಈ ರೈತನೇ ಜ್ಯೂರಿಯಲ್ಲಿ ಇದ್ದು, ಇವತ್ತು ಅವನನ್ನು ಹಿಡಿದವನ ಅಂಚನ್ನು ನೋಡಬಹುದು. ಮನಸ್ಸು ಕೆಡಿಸಿಕೊಳ್ಳಲು ಜಾಗವೇ ಇಲ್ಲ.

ಇನ್ನೂ ಒಂದು ವಿಷಯ. ಮೂರು ವರ್ಷಕ್ಕೊಮ್ಮೆ ಪ್ರತಿ ಹೊಲಕ್ಕೂ ಗೋಧಿಯ ಸರದಿ ಬರುತ್ತದೆ, ಹಾಗಾಗಿ ಯಾವ ಗಡಿಯೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ನೋಡದೆ ಉಳಿಯುವುದಿಲ್ಲ. ಬೆಳೆಯ ಸರದಿಗೇ ತಪಾಸಣೆಯನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಆದರೆ ನೆಲದ ಮನುಷ್ಯನ ಬುದ್ಧಿ ಅದು.

ಬದಲಾದದ್ದು, ಬದಲಾಗದ್ದು

ಇಲ್ಲಿ ಏನೂ ಬದಲಾಗಿಲ್ಲ ಎಂದುಕೊಂಡರೆ ತಪ್ಪು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಈ ಊರಿನ ದೊಡ್ಡ ನಕ್ಷೆ ಬರೆದ. ಆಗ ಊರನ್ನು ಕೊಂಡಿದ್ದ ವ್ಯಾಪಾರಿ ಸರ್ ವಿಲಿಯಂ ಕೋರ್ಟೆನ್‌ಗೆ ತಾನು ಕೊಂಡದ್ದು ಏನೆಂದು ತಿಳಿಯಬೇಕಿತ್ತು. ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಪಟ್ಟಿಗಳು ಕೂದಲಿನ ಎಳೆಗಳ ಹಾಗೆ ಸಣ್ಣಗಿವೆ. ಮಧ್ಯೆ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ.

ಇವತ್ತಿನ ಪಟ್ಟಿಗಳು ಅಷ್ಟು ಸಣ್ಣಗಿಲ್ಲ. 1900ರ ನಂತರದ ಮೊದಲ ದಶಕದಲ್ಲಿ ಜಮೀನ್ದಾರರು ಅಕ್ಕಪಕ್ಕದ ಪಟ್ಟಿಗಳನ್ನು ಸೇರಿಸಿ ಅಗಲ ಮಾಡಿದರು. ಅಷ್ಟು ಸಣ್ಣ ಪಟ್ಟಿಯಲ್ಲಿ ಕೊಯ್ಯುವ ಯಂತ್ರ ತಿರುಗಿಸುವುದೇ ಕಷ್ಟ. ಇದು ಒಂದು ಮುಖ್ಯ ತಿರುವು ಎಂದು ನನಗೆ ಅನಿಸುತ್ತದೆ. ಆಗ ಪಟ್ಟಿಗಳನ್ನು ಮುಟ್ಟಬಾರದು ಎಂದು ಹಟ ಹಿಡಿದಿದ್ದರೆ ಗೇಣಿದಾರರೇ ಬೇಸತ್ತು ಇಡೀ ಪದ್ಧತಿಯನ್ನು ಬಿಟ್ಟುಬಿಡುತ್ತಿದ್ದರೋ ಏನೋ. ಅಗಲ ಬದಲಾಯಿತು, ಸರದಿ ಬದಲಾಗಲಿಲ್ಲ. ಬೀಳು ಬಿಡುತ್ತಿದ್ದ ಮೂರನೆಯ ಹೊಲದಲ್ಲೂ ಆಮೇಲೆ ದನಗಳಿಗೆ ಮೇವು ಬೆಳೆಯಲು ಅವಕಾಶ ಮಾಡಿಕೊಂಡರು. ಎತ್ತು ಹೋಗಿ ಕುದುರೆ, ಕುದುರೆ ಹೋಗಿ ಟ್ರ್ಯಾಕ್ಟರ್. ಜ್ಯೂರಿಯವರು ಹೊಲಕ್ಕೆ ಹೋಗುವುದು ಮಾತ್ರ ನಿಲ್ಲಲಿಲ್ಲ.

ಜಮೀನು ಕೈ ಬದಲಾಯಿಸಿದ ಮೂರು ಸಲ

20ನೇ ಶತಮಾನದಲ್ಲಿ ಅಪಾಯ ಬೇರೆ ಕಡೆಯಿಂದ ಬಂತು. ಇಂಗ್ಲೆಂಡಿನ ದೊಡ್ಡ ಮನೆತನಗಳು ಒಂದೊಂದಾಗಿ ಜಮೀನು ಮಾರತೊಡಗಿದವು. 1952ರಲ್ಲಿ ಮ್ಯಾನ್ವರ್ಸ್ ಮನೆತನವೂ ಲ್ಯಾಕ್ಸ್‌ಟನ್ ಜಮೀನನ್ನು ಮಾರಿತು. ಅದನ್ನು ತುಂಡು ಮಾಡಿ ಹರಾಜು ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ, ಸರ್ಕಾರದ ಕೃಷಿ ಮಂತ್ರಾಲಯ ಒಟ್ಟಾಗಿ ಕೊಂಡಿತು. ಈ ಊರು ಅಪರೂಪದ್ದು ಎಂಬುದು ಅಷ್ಟು ಹೊತ್ತಿಗೆ ವಿದ್ವಾಂಸರಿಗೆ ಗೊತ್ತಾಗಿತ್ತು. ಅದೃಷ್ಟದಿಂದ ಉಳಿದ ಪದ್ಧತಿಯನ್ನು ಬೇಕೆಂದೇ ಉಳಿಸಿಕೊಳ್ಳುವ ಕೆಲಸ ಇಲ್ಲಿಂದ ಶುರು.

1977ರಲ್ಲಿ ಇನ್ನೊಂದು ಗಂಡಾಂತರ. ಆ ವರ್ಷದ ಕಾನೂನೊಂದು ದೇಶದಲ್ಲಿ ಉಳಿದಿದ್ದ ಹಳೆಯ ಊರ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿತು. ಬೇರೆ ಊರುಗಳಲ್ಲಿ ಅವು ಬರಿಯ ಆಚರಣೆಯಾಗಿ ಉಳಿದವು. ಲ್ಯಾಕ್ಸ್‌ಟನ್‌ಗೆ ಮಾತ್ರ ವಿನಾಯಿತಿ ಸಿಕ್ಕಿತು. ಯಾಕೆಂದರೆ ಅಲ್ಲಿಯ ಕೋರ್ಟಿಗೆ ನಿಜವಾಗಿ ಮಾಡುವ ಕೆಲಸ ಇತ್ತು. ಕೆಲಸ ಇಲ್ಲದ ಪದ್ಧತಿಯನ್ನು ಕಾನೂನು ಎಷ್ಟು ದಿನ ಕಾಯಲು ಸಾಧ್ಯ?

1981ರಲ್ಲಿ ಮಂತ್ರಾಲಯ ಜಮೀನನ್ನು ಕ್ರೌನ್ ಎಸ್ಟೇಟ್‌ಗೆ ಕೊಟ್ಟಿತು. ಇದು ರಾಜಮನೆತನದ ಹೆಸರಿನಲ್ಲಿರುವ, ಲಾಭ ಸರ್ಕಾರದ ಖಜಾನೆಗೆ ಹೋಗುವ ಆಸ್ತಿ ಸಂಸ್ಥೆ. 1961ರ ಕಾನೂನಿನ ಪ್ರಕಾರ ಆಸ್ತಿಯ ಬೆಲೆಯನ್ನೂ ಆದಾಯವನ್ನೂ ಕಾಪಾಡಿ ಬೆಳೆಸುವುದು ಅದರ ಕರ್ತವ್ಯ. ಬಯಲು ಹೊಲದ ಚೂರು ಪಟ್ಟಿಗಳಿಂದ ಎಷ್ಟು ಆದಾಯ ಬರುತ್ತದೆ? ಈ ಬಿಕ್ಕಟ್ಟು ಮೊದಲಿನಿಂದಲೂ ಒಳಗೇ ಇತ್ತು. ಮೂವತ್ತೇಳು ವರ್ಷ ನಡೆಸಿದ ಮೇಲೆ, 2018ರಲ್ಲಿ, ಕ್ರೌನ್ ಎಸ್ಟೇಟ್ ತಾನು ಇದನ್ನು ಮಾರುವುದಾಗಿ ಹೇಳಿತು.

ಗೇಣಿಯ ಮನೆಯವರಿಗೆ ಆಗ ಹೇಗಾಗಿರಬೇಕು ಎಂದು ಊಹಿಸಬಹುದು. ಅಪ್ಪ, ಅಜ್ಜ ಉತ್ತ ಪಟ್ಟಿಗಳು. ಕೊಳ್ಳುವವರು ಯಾರು, ಅವರಿಗೆ ಜ್ಯೂರಿ ಬೇಕೋ ಬೇಡವೋ? 2020ರಲ್ಲಿ ಉತ್ತರ ಸಿಕ್ಕಿತು. ಜಮೀನು ಹತ್ತಿರದ ಥೋರ್ಸ್‌ಬಿ ಎಸ್ಟೇಟ್‌ಗೆ ಹೋಯಿತು. ಥೋರ್ಸ್‌ಬಿ ಎಂದರೆ ಹಿಂದಿನ ಮ್ಯಾನ್ವರ್ಸ್ ಮನೆತನದ ಆಸ್ತಿ, ಈಗಲೂ ಅದೇ ವಂಶದವರ ಕೈಯಲ್ಲಿದೆ. ಅರವತ್ತೆಂಟು ವರ್ಷದ ಮೇಲೆ ಹೊಲ ಹಳೆಯ ಮನೆಗೇ ವಾಪಸು ಬಂತು.

ಇದರಿಂದ ಏನು ಹಿಡಿದುಕೊಳ್ಳಬಹುದು

ಈ ಮೂರು ಕೈಬದಲಾವಣೆಗಳಲ್ಲೂ ಜಮೀನು ತುಂಡಾಗಲಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಸಂಗತಿ. ಪಟ್ಟಿ ಗೇಣಿದಾರನ ಸ್ವಂತದ್ದಲ್ಲ, ಆದ್ದರಿಂದ ಅವನು ಅದನ್ನು ಮನೆ ಕಟ್ಟುವವರಿಗೆ ಮಾರುವ ಹಾಗಿಲ್ಲ. ಅದೇ ಕಾರಣಕ್ಕೆ ಅವನ ಬೆಳವಣಿಗೆಗೂ ಒಂದು ಮಿತಿ ಇದೆ. ಉಳಿಸುವುದಕ್ಕೆ ಬೆಲೆ ಇದೆ, ಅದನ್ನು ತೆರುವವರು ಹೊಲದಲ್ಲಿ ದುಡಿಯುವವರು. ಪ್ರವಾಸಕ್ಕೆ ಬಂದು ಫೋಟೋ ತೆಗೆದುಕೊಂಡು ಹೋಗುವವರಲ್ಲ. ಬಯಲು ಹೊಲದಿಂದಲೇ ಸಂಸಾರ ನಡೆಯುವುದಿಲ್ಲ. ಬೇಲಿಯೊಳಗಿನ ಬೇರೆ ಜಮೀನೂ, ದನಗಳೂ ಬೇಕು. 2021ರಿಂದ ಇಂಗ್ಲೆಂಡಿನಲ್ಲಿ ರೈತರಿಗೆ ಎಕರೆಗಿಷ್ಟು ಎಂದು ಕೊಡುತ್ತಿದ್ದ ಹಣವನ್ನೂ ಹಂತಹಂತವಾಗಿ ಇಳಿಸಿದರು. ಸಣ್ಣ ಹಿಡುವಳಿಗಳಿಗೆ ಅದು ಸಣ್ಣ ಪೆಟ್ಟಲ್ಲ.

ಹಾಗೆಯೇ ಹಳೆಯ ಊರನ್ನು ಸ್ವರ್ಗ ಎಂದುಕೊಳ್ಳಬಾರದು. ಅಲ್ಲಿ ಜಮೀನ್ದಾರ ಇದ್ದ, ಪಟ್ಟಿಯೇ ಇಲ್ಲದ ಕೂಲಿಯವರೂ ಇದ್ದರು. ಹಿಂದಿನ ಜ್ಯೂರಿಗಳಲ್ಲಿ ಹೆಂಗಸರಿರಲಿಲ್ಲ. ಒಟ್ಟಿಗೆ ತೀರ್ಮಾನ ಮಾಡುತ್ತಿದ್ದರು ಎಂದ ಮಾತ್ರಕ್ಕೆ ಎಲ್ಲರ ಮಾತೂ ನಡೆಯುತ್ತಿತ್ತು ಎಂದಲ್ಲ.

ಆದರೂ ಒಂದು ಫಲವನ್ನು ಯಾರೂ ಮೊದಲೇ ಊಹಿಸಿರಲಿಲ್ಲ. ಜ್ಯೂರಿ ವರ್ಷ ವರ್ಷ ಗೂಟ ಹೊಡೆದು ಕಾದದ್ದು ಹುಲ್ಲನ್ನು, ದನಗಳಿಗಾಗಿ. ಆ ಸೈಕ್‌ಗಳನ್ನು ಉಳದೆ ಬಿಟ್ಟಿದ್ದರಿಂದ, ಇಂಗ್ಲೆಂಡಿನ ಬೇರೆ ಹೊಲಗಳಿಂದ ಮರೆಯಾದ ಹಳೆಯ ಹುಲ್ಲುಗಾವಲಿನ ಹೂಗಿಡಗಳು ಅಲ್ಲಿ ಉಳಿದುಕೊಂಡವು. ಈಗ ಅವು ಸರ್ಕಾರ ಗುರುತಿಸಿದ ಸಂರಕ್ಷಿತ ಜಾಗ. ಎರಡಡಿ ಒತ್ತುವರಿಗೆ ಹಾಕಿದ ಸಣ್ಣ ದಂಡಗಳು ಸೇರಿ ಸೇರಿ ಇಂಥದ್ದೊಂದನ್ನು ಉಳಿಸಿವೆ ಎಂದು ನೆನೆದರೆ ಮನಸ್ಸು ತುಂಬುತ್ತದೆ.

ಊರೊಳಗೆ ಈಗ ಪಟ್ಟಣಕ್ಕೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಹೊಲದ ಕೆಲಸ ಗೊತ್ತಿಲ್ಲದ ಮನೆಗಳೂ ಇವೆ. 1995ರಿಂದ ಇದೇ ಊರಿನಲ್ಲಿ ಯಹೂದಿಗಳ ಹತ್ಯಾಕಾಂಡದ ನೆನಪಿನ ಕೇಂದ್ರವೂ ಇದೆ, ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬರುತ್ತಾರೆ. ಪಬ್ಬಿನ ಹತ್ತಿರ ಬಯಲು ಹೊಲಗಳ ಬಗ್ಗೆ ಹೇಳುವ ಪುಟ್ಟ ಪ್ರದರ್ಶನ ಇದೆ.

ಡಿಸೆಂಬರಿನ ಹೊತ್ತಿಗೆ ಗೋಧಿ ಒಂದು ಗೇಣೂ ಇರುವುದಿಲ್ಲ. ಜೇಡಿಮಣ್ಣು ಬೂಟಿಗೆ ಅಂಟುತ್ತದೆ. ಪಟ್ಟಿಯ ತುದಿಯಲ್ಲಿ, ಹಸಿರು ಪೈರು ನಿಂತು ಸೈಕ್‌ನ ಹುಲ್ಲು ಶುರುವಾಗುವಲ್ಲಿ, ಹೊಸದಾಗಿ ಹೊಡೆದ ಗೂಟ ಕಾಣುತ್ತದೆ. ಅತ್ತ ಪಬ್ಬಿನಲ್ಲಿ ಹನ್ನೆರಡು ಜನ ಪ್ರಮಾಣ ಮಾಡುತ್ತಿರುತ್ತಾರೆ. ಮುಂದಿನ ನವೆಂಬರಿಗೆ ಅವರು ನಡೆಯಬೇಕಾದದ್ದು ಬೇರೆ ಹೊಲ.